ಸ್ಟೀರಾಯ್ಡ್ ಬಳಕೆಯಲ್ಲಿ ಟೆಸ್ಟೊಸ್ಟೆರೋನ್ ಮತ್ತು ಈಸ್ಟ್ರೋಜನ್ ಸಮತೋಲ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಕಟ್ಟು ಬೆಳೆಸಲೆಂದು ಸ್ಟೀರಾಯ್ಡ್ ಬಳಸುತ್ತಿರುವವರು, ಬಳಸಿ ಬಿಟ್ಟವರು ಮತ್ತು ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಯಾವ ಔಷಧವನ್ನು ಎಷ್ಟು ತೆಗೆದುಕೊಳ್ಳಬೇಕೆಂಬ ಲೆಕ್ಕವನ್ನು ಉದ್ದೇಶಪೂರ್ವಕವಾಗಿಯೇ ಕೊಟ್ಟಿಲ್ಲ. ಆ ಲೆಕ್ಕ ಒಬ್ಬರಿಂದ ಒಬ್ಬರಿಗೆ ಬೇರೆಯಾಗುತ್ತದೆ, ರಕ್ತ ಪರೀಕ್ಷೆಯಿಲ್ಲದೆ ಅದನ್ನು ಹೇಳುವವರು ಊಹೆಯನ್ನಷ್ಟೇ ಹೇಳುತ್ತಿರುತ್ತಾರೆ.

ಆಸ್ತಮಾಗೆ, ಅಲರ್ಜಿಗೆ ಡಾಕ್ಟರು ಕೊಡುವ ಸ್ಟೀರಾಯ್ಡ್ ಕೂಡ ಇದೇನಾ?

ಅಲ್ಲ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮುಂತಾದವು ಉರಿಯೂತವನ್ನು ತಗ್ಗಿಸುವ ಔಷಧಗಳು. ಅವು ಸ್ನಾಯುವನ್ನು ಬೆಳೆಸುವುದಿಲ್ಲ, ದೀರ್ಘಕಾಲ ಬಳಸಿದರೆ ಕರಗಿಸುತ್ತವೆ. ಈ ಪುಟದಲ್ಲಿ ಹೇಳುತ್ತಿರುವುದು ಅನಬಾಲಿಕ್ ಸ್ಟೀರಾಯ್ಡ್‌ಗಳನ್ನು ಕುರಿತು, ಅಂದರೆ ಟೆಸ್ಟೊಸ್ಟೆರೋನ್ ಮತ್ತು ಅದರ ರಚನೆಯನ್ನು ಅಲ್ಪಸ್ವಲ್ಪ ಮಾರ್ಪಡಿಸಿ ತಯಾರಿಸಿದ ನ್ಯಾಂಡ್ರೊಲೋನ್, ಸ್ಟಾನೊಜೊಲಾಲ್, ಮೆಥಾಂಡಿಯೆನೋನ್, ಟ್ರೆನ್‌ಬೊಲೋನ್‌ನಂಥ ಪದಾರ್ಥಗಳನ್ನು ಕುರಿತು. ಕೆಲವು ಕಡೆ ‘ದಪ್ಪ ಆಗುವ ಮಾತ್ರೆ’ ಎಂದು ಚೀಟಿಯಿಲ್ಲದೆ ಮಾರುವುದರಲ್ಲಿ ಇರುವುದು ಹೆಚ್ಚಾಗಿ ಮೊದಲನೆಯ ಗುಂಪಿನ ಡೆಕ್ಸಾಮೆಥಾಸೋನ್. ಅದರಿಂದ ಬರುವ ದಪ್ಪ ನೀರು ಮತ್ತು ಕೊಬ್ಬಿನದು. ಅದನ್ನು ಬಹಳ ದಿನ ನುಂಗಿದವರು ಒಮ್ಮೆಲೇ ನಿಲ್ಲಿಸುವುದು ಅಪಾಯಕಾರಿಯಾದ್ದರಿಂದ ವೈದ್ಯರ ಸಲಹೆಯಂತೆಯೇ ಬಿಡಬೇಕು.

ಗಂಡಸಿನ ದೇಹದಲ್ಲಿ ಈಸ್ಟ್ರೋಜನ್ ಎಲ್ಲಿಂದ ಬರುತ್ತದೆ?

ಟೆಸ್ಟೊಸ್ಟೆರೋನಿನಿಂದಲೇ. ಅರೊಮಟೇಸ್ ಎಂಬ ಕಿಣ್ವವು ಟೆಸ್ಟೊಸ್ಟೆರೋನನ್ನು ಈಸ್ಟ್ರಾಡಿಯಾಲ್ ಆಗಿ ಪರಿವರ್ತಿಸುತ್ತದೆ. ಈಸ್ಟ್ರೋಜನ್ ವರ್ಗದ ಹಾರ್ಮೋನುಗಳಲ್ಲಿ ಮುಖ್ಯವಾದುದು ಈ ಈಸ್ಟ್ರಾಡಿಯಾಲ್. ಗಂಡಸಿನಲ್ಲಿ ಸ್ವಲ್ಪ ಭಾಗ ವೃಷಣದಲ್ಲೇ ತಯಾರಾದರೆ, ಬಹುಪಾಲು ಕೊಬ್ಬು, ಮೂಳೆ, ಮೆದುಳು ಮೊದಲಾದ ಅಂಗಾಂಶಗಳಲ್ಲಿ ತಯಾರಾಗುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿದ್ದವರಲ್ಲಿ ಅರೊಮಟೇಸ್ ಹೆಚ್ಚಿರುವುದರಿಂದ, ಅಷ್ಟೇ ಪ್ರಮಾಣದ ಟೆಸ್ಟೊಸ್ಟೆರೋನ್ ಅವರಲ್ಲಿ ಹೆಚ್ಚು ಈಸ್ಟ್ರಾಡಿಯಾಲನ್ನು ಕೊಡುತ್ತದೆ. ಜಿಮ್‌ನಲ್ಲಿ ಇಬ್ಬರು ಗೆಳೆಯರು ಒಂದೇ ಸೀಸೆಯಿಂದ ಚುಚ್ಚಿಕೊಂಡರೂ ಒಬ್ಬನಿಗೆ ಮಾತ್ರ ಸ್ತನದಲ್ಲಿ ನೋವು ಬರಲು ಇದೂ ಒಂದು ಕಾರಣ.

ಹಾಗಾದರೆ ಅದು ಗಂಡಸಿಗೆ ಬೇಡದ ಹಾರ್ಮೋನ್ ಅಲ್ಲವೇ? ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದಲ್ಲವೇ?

ಜಿಮ್‌ಗಳಲ್ಲಿ ಬಲವಾಗಿ ಬೇರೂರಿರುವ ತಪ್ಪು ತಿಳಿವಳಿಕೆ ಇದೇ. ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬ ಗಂಡಸಿನ ಪ್ರಕರಣವನ್ನು ಪ್ರಕಟಿಸಿದರು. ಅವನ ದೇಹದಲ್ಲಿ ಈಸ್ಟ್ರೋಜನ್ ಸಾಕಷ್ಟಿತ್ತು, ಆದರೆ ಅದನ್ನು ಗ್ರಹಿಸುವ ಗ್ರಾಹಕದ ಜೀನಿನಲ್ಲಿ ದೋಷವಿದ್ದುದರಿಂದ ಅದು ಕೆಲಸ ಮಾಡುತ್ತಿರಲಿಲ್ಲ. ಟೆಸ್ಟೊಸ್ಟೆರೋನ್ ಸಹಜ ಮಟ್ಟದಲ್ಲೇ ಇತ್ತು. ಆದರೂ ಅವನ ಮೂಳೆಗಳು ಸಾಂದ್ರತೆ ಕಳೆದುಕೊಂಡು ಪೊಳ್ಳಾಗಿದ್ದವು. ಮೂಳೆಗಳ ತುದಿಯ ಬೆಳವಣಿಗೆಯ ಪಟ್ಟಿಗಳು ಮುಚ್ಚಿಕೊಳ್ಳದೆ ಆ ವಯಸ್ಸಿನಲ್ಲೂ ಎತ್ತರ ಬೆಳೆಯುತ್ತಲೇ ಇತ್ತು. 204 ಸೆಂಟಿಮೀಟರ್ ತಲುಪಿತ್ತು. ಗಂಡಸಿನ ಮೂಳೆಯನ್ನು ಗಟ್ಟಿಯಾಗಿರಿಸುವುದರಲ್ಲಿ ಈಸ್ಟ್ರೋಜನ್‌ಗೆ ಎಷ್ಟು ದೊಡ್ಡ ಪಾತ್ರವಿದೆ ಎಂಬುದು ವೈದ್ಯಲೋಕಕ್ಕೆ ಸ್ಪಷ್ಟವಾದದ್ದು ಆ ಒಬ್ಬ ರೋಗಿಯಿಂದ.

2013ರಲ್ಲಿ ಬಾಸ್ಟನ್ನಿನ ಸಂಶೋಧಕರು ಸುಮಾರು 400 ಆರೋಗ್ಯವಂತ ಗಂಡಸರ ಸ್ವಂತ ಹಾರ್ಮೋನನ್ನು ಔಷಧದಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಬೇರೆ ಬೇರೆ ಪ್ರಮಾಣದಲ್ಲಿ ಟೆಸ್ಟೊಸ್ಟೆರೋನ್ ಜೆಲ್ ಕೊಟ್ಟರು. ಅವರಲ್ಲಿ ಅರ್ಧದಷ್ಟು ಜನರಿಗೆ ಜೆಲ್‌ನ ಜೊತೆಗೆ ಈಸ್ಟ್ರೋಜನ್ ತಯಾರಾಗದಂತೆ ತಡೆಯುವ ಅನಾಸ್ಟ್ರೊಜೋಲ್ ಕೂಡ ಕೊಡಲಾಯಿತು. ಸ್ನಾಯುವಿನ ಗಾತ್ರ ಮತ್ತು ಶಕ್ತಿ ಟೆಸ್ಟೊಸ್ಟೆರೋನನ್ನೇ ಅವಲಂಬಿಸಿದ್ದವು. ಆದರೆ ಮೈಯಲ್ಲಿ ಕೊಬ್ಬು ಏರಿದ್ದು ಮುಖ್ಯವಾಗಿ ಈಸ್ಟ್ರೋಜನ್ ಕೊರತೆಯಿಂದ, ಕಾಮಾಸಕ್ತಿ ಮತ್ತು ಲೈಂಗಿಕ ಸಾಮರ್ಥ್ಯ ಕುಗ್ಗಿದ್ದು ಎರಡರ ಕೊರತೆಯಿಂದಲೂ. ಮೈ ‘ಕಟ್’ ಆಗಲೆಂದು ಈಸ್ಟ್ರೋಜನ್ನನ್ನು ತಳ ಮುಟ್ಟಿಸುವವರು ತಮಗೆ ಬೇಕಾದದ್ದಕ್ಕೆ ತೀರಾ ವಿರುದ್ಧವಾದುದನ್ನೇ ಮಾಡಿಕೊಳ್ಳುತ್ತಿರಬಹುದು.

ಹೊರಗಿನಿಂದ ಟೆಸ್ಟೊಸ್ಟೆರೋನ್ ತೆಗೆದುಕೊಂಡಾಗ ದೇಹದೊಳಗೆ ಏನಾಗುತ್ತದೆ?

ವಯಸ್ಕ ಗಂಡಸಿನ ವೃಷಣಗಳು ದಿನಕ್ಕೆ ಕೆಲವೇ ಮಿಲಿಗ್ರಾಂ ಟೆಸ್ಟೊಸ್ಟೆರೋನ್ ತಯಾರಿಸುತ್ತವೆ. ಸ್ಥೂಲವಾಗಿ 3ರಿಂದ 10 ಮಿಲಿಗ್ರಾಂ. ಎಷ್ಟು ತಯಾರಿಸಬೇಕೆಂದು ತಿಳಿಸುವುದು ಮೆದುಳು. ಅದರ ಹೈಪೊಥಲಾಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿಯು ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳ ಮೂಲಕ ವೃಷಣಕ್ಕೆ ಆಜ್ಞೆ ರವಾನಿಸುತ್ತದೆ. ರಕ್ತದಲ್ಲಿ ಟೆಸ್ಟೊಸ್ಟೆರೋನ್ ಅಥವಾ ಈಸ್ಟ್ರಾಡಿಯಾಲ್ ಹೆಚ್ಚಿದರೆ ಮೆದುಳು ಆಜ್ಞೆಯನ್ನು ನಿಲ್ಲಿಸುತ್ತದೆ. ಮಹಡಿ ಮೇಲಿನ ನೀರಿನ ಟ್ಯಾಂಕ್ ತುಂಬಿದಾಗ ತೇಲುಬುರುಡೆ ನಲ್ಲಿಯನ್ನು ಮುಚ್ಚುವಂತೆಯೇ ಇದು.

ವಾರಕ್ಕೆ ನೂರಾರು ಮಿಲಿಗ್ರಾಂ ಹೊರಗಿನಿಂದ ಬರತೊಡಗಿದಾಗ ಎಲ್‌ಎಚ್, ಎಫ್‌ಎಸ್‌ಎಚ್ ಬಹುತೇಕ ಸೊನ್ನೆಗೆ ಇಳಿದು, ವೃಷಣಗಳು ಕೆಲಸವಿಲ್ಲದೆ ಕುಗ್ಗುತ್ತವೆ. ಅದೇ ಹೊತ್ತಿಗೆ ಅರೊಮಟೇಸ್‌ಗೆ ಸಿಗುವ ಕಚ್ಚಾ ಸಾಮಗ್ರಿ ಹಲವು ಪಟ್ಟು ಹೆಚ್ಚುವುದರಿಂದ ಈಸ್ಟ್ರಾಡಿಯಾಲ್ ಏರುತ್ತದೆ. ಈಸ್ಟ್ರೋಜನ್ ಏರಿಕೆ ಪ್ರತ್ಯೇಕವಾದ ಕಾಯಿಲೆಯಲ್ಲ, ಅದು ಹೊರಗಿನಿಂದ ಬಂದ ಪ್ರಮಾಣದ ನೇರ ಪರಿಣಾಮ. ಮೂಲವಾದ ಪ್ರಮಾಣವನ್ನು ಮುಟ್ಟದೆ ಪರಿಣಾಮಕ್ಕೆ ಮಾತ್ರ ಇನ್ನೊಂದು ಮಾತ್ರೆ ಹುಡುಕುವುದು ಕೊನೆಯಿಲ್ಲದ ಕೆಲಸ ಎಂಬುದು ನಮ್ಮ ಅಭಿಪ್ರಾಯ.

ಎಲ್ಲ ಸ್ಟೀರಾಯ್ಡ್‌ಗಳೂ ಈಸ್ಟ್ರೋಜನ್ ಆಗುತ್ತವೆಯೇ?

ಇಲ್ಲ. ಟೆಸ್ಟೊಸ್ಟೆರೋನ್ ಆಗುತ್ತದೆ, ನ್ಯಾಂಡ್ರೊಲೋನ್, ಅಂದರೆ ಜಿಮ್ ಭಾಷೆಯ ‘ಡೆಕಾ’, ಸ್ವಲ್ಪ ಮಟ್ಟಿಗೆ ಆಗುತ್ತದೆ, ಸ್ಟಾನೊಜೊಲಾಲ್, ಆಕ್ಸಾಂಡ್ರೊಲೋನ್, ಟ್ರೆನ್‌ಬೊಲೋನ್ ಆಗುವುದಿಲ್ಲ. ಇದನ್ನು ಕೇಳಿ ಕೊನೆಯ ಮೂರು ಸುರಕ್ಷಿತ ಎಂದುಕೊಳ್ಳಬಾರದು. ಅವು ದೇಹದ ಸ್ವಂತ ಟೆಸ್ಟೊಸ್ಟೆರೋನನ್ನು ನಿಲ್ಲಿಸುತ್ತವೆ, ತಾವೂ ಈಸ್ಟ್ರೋಜನ್ ಆಗುವುದಿಲ್ಲ; ಹೀಗಾಗಿ ಅವನ್ನೇ ಬಳಸುವವನಲ್ಲಿ ಈಸ್ಟ್ರಾಡಿಯಾಲ್ ಅಗತ್ಯಕ್ಕಿಂತ ಕೆಳಗಿಳಿಯುತ್ತದೆ. ಕೀಲುನೋವು ಎಂದು ಗೊಣಗುವ ಅನೇಕರಲ್ಲಿ ಇದೂ ಒಂದು ಕಾರಣವಿರಬಹುದು.

ಮೆಥಾಂಡಿಯೆನೋನಿನದು ಇನ್ನೊಂದು ಬಗೆಯ ಮೋಸ. ಅದು ಮಿಥೈಲ್ ಈಸ್ಟ್ರಾಡಿಯಾಲ್ ಎಂಬ ಬೇರೆ ರೂಪಕ್ಕೆ ಪರಿವರ್ತನೆಯಾಗುತ್ತದೆ. ಅದೂ ಪ್ರಬಲ ಈಸ್ಟ್ರೋಜನ್ನೇ, ಆದರೆ ಸಾಮಾನ್ಯ ಲ್ಯಾಬ್ ಪರೀಕ್ಷೆ ಅಳೆಯುವುದು ಈಸ್ಟ್ರಾಡಿಯಾಲನ್ನು. ವರದಿಯಲ್ಲಿ ಸಂಖ್ಯೆ ಸರಿಯಿದ್ದು ಎದೆ ಮಾತ್ರ ಊದಿಕೊಂಡಿರುವ ಪರಿಸ್ಥಿತಿ ಇದರಿಂದ ಉಂಟಾಗಬಹುದು.

ಮೊಲೆತೊಟ್ಟಿನ ಹಿಂದೆ ಗಂಟು ಬಂದಿದೆ, ಮುಟ್ಟಿದರೆ ನೋವು. ಇದು ‘ಗೈನೊ’ನಾ?

ಇರಬಹುದು. ಈಸ್ಟ್ರೋಜನ್ನಿನ ಪ್ರಭಾವ ಆಂಡ್ರೋಜನ್ನಿನ (ಟೆಸ್ಟೊಸ್ಟೆರೋನಿನಂಥ ಗಂಡು ಹಾರ್ಮೋನುಗಳ) ಪ್ರಭಾವಕ್ಕಿಂತ ಮೇಲಾದಾಗ ಗಂಡಸಿನ ಸ್ತನ ಅಂಗಾಂಶ ಬೆಳೆಯುತ್ತದೆ, ಅದನ್ನೇ ಜಿಮ್ ಭಾಷೆಯಲ್ಲಿ ‘ಗೈನೊ’ ಎನ್ನುತ್ತಾರೆ. ತೊಟ್ಟಿನ ಕೆಳಗೆ ರಬ್ಬರಿನಂತೆ ಗಟ್ಟಿಯಾದ, ದುಂಡಗಿನ ಬಿಲ್ಲೆ ಕೈಗೆ ಸಿಕ್ಕರೆ ಅದು ಗ್ರಂಥಿ. ಮೆತ್ತಗೆ ಹರಡಿಕೊಂಡಿದ್ದರೆ ಬರೀ ಕೊಬ್ಬು. ನೋವು, ತುರಿಕೆ, ಸೂಕ್ಷ್ಮತೆ ಇರುವುದು ಸಾಮಾನ್ಯವಾಗಿ ಆರಂಭದ ತಿಂಗಳುಗಳಲ್ಲಿ. ಆ ಹಂತದಲ್ಲಿ ಕಾರಣವಾದ ಪದಾರ್ಥವನ್ನು ನಿಲ್ಲಿಸಿದರೆ ತಾನಾಗಿ ಇಳಿಯುವ ಸಾಧ್ಯತೆಯಿದೆ, ವೈದ್ಯರು ಬೇಕೆನಿಸಿದರೆ ಟ್ಯಾಮಾಕ್ಸಿಫೆನ್ ಕೊಡುತ್ತಾರೆ. ಅದು ಈಸ್ಟ್ರೋಜನ್ನನ್ನು ಕಡಿಮೆ ಮಾಡುವುದಿಲ್ಲ, ಸ್ತನದಲ್ಲಿರುವ ಗ್ರಾಹಕಕ್ಕೆ ಅದು ಅಂಟದಂತೆ ಅಡ್ಡ ಕೂರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಪಾಯ ಅದರಲ್ಲಿಯೂ ಇರುವುದರಿಂದ ಮೆಡಿಕಲ್ ಶಾಪ್‌ನಿಂದ ತಂದು ನುಂಗುವ ಮಾತ್ರೆ ಅದಲ್ಲ.

ಸುಮಾರು ಒಂದು ವರ್ಷ ದಾಟಿದರೆ ಆ ಅಂಗಾಂಶ ನಾರುಗಟ್ಟುತ್ತದೆ. ಆಮೇಲೆ ಮಾತ್ರೆಯಿಂದ ಹೆಚ್ಚಿನ ಉಪಯೋಗವಿಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ. ಗಂಟು ಒಂದೇ ಬದಿಯಲ್ಲಿದ್ದು ಕಲ್ಲಿನಂತೆ ಗಟ್ಟಿಯಾಗಿದ್ದರೆ, ತೊಟ್ಟು ಒಳಗೆ ಎಳೆದುಕೊಂಡಿದ್ದರೆ ಅಥವಾ ರಕ್ತ ಒಸರುತ್ತಿದ್ದರೆ ಗೈನೊ ಎಂದು ಸುಮ್ಮನಾಗದೆ ತಕ್ಷಣ ತೋರಿಸಿ. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ.

ಮುಂಜಾಗ್ರತೆಯಾಗಿ ಮೊದಲಿನಿಂದಲೇ ಅನಾಸ್ಟ್ರೊಜೋಲ್ ತೆಗೆದುಕೊಂಡರೆ ಆಗದೇ?

ಅನಾಸ್ಟ್ರೊಜೋಲ್, ಲೆಟ್ರೊಜೋಲ್, ಎಕ್ಸೆಮೆಸ್ಟೇನ್ ಇವು ಮುಟ್ಟು ನಿಂತ ಮಹಿಳೆಯರ ಸ್ತನ ಕ್ಯಾನ್ಸರಿಗೆಂದು ರೂಪಿಸಿದ ಔಷಧಗಳು. ಅಲ್ಲಿ ಈಸ್ಟ್ರೋಜನ್ನನ್ನು ಸಾಧ್ಯವಾದಷ್ಟು ಕೆಳಗೆ ತಳ್ಳುವುದೇ ಗುರಿಯಾದ್ದರಿಂದ ಮಾತ್ರೆಯ ಶಕ್ತಿಯೂ ಅದಕ್ಕೆ ತಕ್ಕಂತೆಯೇ ಇದೆ. ಲಕ್ಷಣವೂ ಇಲ್ಲದೆ, ಪರೀಕ್ಷೆಯೂ ಇಲ್ಲದೆ ಗಂಡಸೊಬ್ಬ ಅದನ್ನು ನುಂಗಿದರೆ ಈಸ್ಟ್ರಾಡಿಯಾಲ್ ಕುಸಿಯುತ್ತದೆ. ಕೀಲುನೋವು, ಸುಸ್ತು, ಮೈ ಬಿಸಿಯೇರುವುದು, ಮನಸ್ಸು ಕುಂದುವುದು, ಲೈಂಗಿಕ ಆಸಕ್ತಿ ಇಳಿಯುವುದು ಇವೆಲ್ಲ ಆಗ ಕಾಣಿಸಿಕೊಳ್ಳುತ್ತವೆ, ದೀರ್ಘಕಾಲದಲ್ಲಿ ಮೂಳೆ ಸವೆಯುತ್ತದೆ.

ಗೊಂದಲ ಶುರುವಾಗುವುದೂ ಇಲ್ಲಿಯೇ. ಈಸ್ಟ್ರೋಜನ್ ಹೆಚ್ಚಾದಾಗಿನ ಮತ್ತು ಕಡಿಮೆಯಾದಾಗಿನ ಲಕ್ಷಣಗಳಲ್ಲಿ ಮನಸ್ಥಿತಿಯ ಏರುಪೇರು, ಸುಸ್ತು, ಲೈಂಗಿಕ ತೊಂದರೆ ಎರಡು ಕಡೆಯೂ ಸೇರಿಕೊಂಡಿವೆ. ಹೆಚ್ಚಾಗಿದೆಯೆಂದು ಭಾವಿಸಿ ಇನ್ನೊಂದು ಮಾತ್ರೆ ನುಂಗಿದವನು ಇರುವ ಕೊರತೆಯನ್ನೇ ಇನ್ನಷ್ಟು ಆಳ ಮಾಡಿಕೊಳ್ಳುತ್ತಾನೆ. ವೈದ್ಯರ ನಿಗಾದಲ್ಲಿ ಟೆಸ್ಟೊಸ್ಟೆರೋನ್ ಚಿಕಿತ್ಸೆ ಪಡೆಯುವವರಿಗೂ ಈ ಮಾತ್ರೆಯನ್ನು ವಾಡಿಕೆಯಾಗಿ ಕೊಡುವುದಿಲ್ಲ. ಸ್ತನದ ನೋವಿನಂಥ ತೊಂದರೆ ಬಂದಾಗ ಮೊದಲು ಟೆಸ್ಟೊಸ್ಟೆರೋನಿನ ಪ್ರಮಾಣವನ್ನೇ ತಗ್ಗಿಸಿ ನೋಡುತ್ತಾರೆ.

ರಕ್ತ ಪರೀಕ್ಷೆಯಲ್ಲಿ ಯಾವ ಸಂಖ್ಯೆ ಇರಬೇಕು?

ಸ್ಟೀರಾಯ್ಡ್ ಮುಟ್ಟದ ಆರೋಗ್ಯವಂತ ವಯಸ್ಕ ಗಂಡಸಿನಲ್ಲಿ ಒಟ್ಟು ಟೆಸ್ಟೊಸ್ಟೆರೋನ್ ಸ್ಥೂಲವಾಗಿ ಒಂದು ಡೆಸಿಲೀಟರಿಗೆ 300ರಿಂದ 1000 ನ್ಯಾನೊಗ್ರಾಂ, ಈಸ್ಟ್ರಾಡಿಯಾಲ್ ಒಂದು ಮಿಲಿಲೀಟರಿಗೆ 10ರಿಂದ 40 ಪಿಕೊಗ್ರಾಂ ಇರುತ್ತದೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಮಿತಿಗಳು ಬದಲಾಗುವುದರಿಂದ ನಿಮ್ಮ ವರದಿಯ ಪಕ್ಕದಲ್ಲಿ ಮುದ್ರಿಸಿರುವ ಮಿತಿಯನ್ನೇ ನೋಡಬೇಕು. ವಿದೇಶದಲ್ಲಿರುವವರ ವರದಿಯಲ್ಲಿ ಈಸ್ಟ್ರಾಡಿಯಾಲ್ ಪಿಕೊಮೋಲ್ ಲೆಕ್ಕದಲ್ಲಿರಬಹುದು. ಪಿಕೊಗ್ರಾಂ ಸಂಖ್ಯೆಯನ್ನು 3.67ರಿಂದ ಗುಣಿಸಿದರೆ ಅದು ಸಿಗುತ್ತದೆ. ಬೆಂಗಳೂರಿನ ವರದಿಯ 30, ಲಂಡನ್ನಿನ ವರದಿಯಲ್ಲಿ 110 ಎಂದು ಬಂದರೆ ಗಾಬರಿಯಾಗಬೇಕಿಲ್ಲ.

ಪರೀಕ್ಷೆಯ ವಿಧಾನಕ್ಕೂ ಗಮನ ಕೊಡಿ. ಹೆಚ್ಚಿನ ಲ್ಯಾಬ್‌ಗಳ ಈಸ್ಟ್ರಾಡಿಯಾಲ್ ಪರೀಕ್ಷೆ ಮಹಿಳೆಯರಲ್ಲಿ ಕಾಣುವ ಎತ್ತರದ ಮಟ್ಟಗಳಿಗೆ ಹೊಂದಿಕೊಂಡ ಇಮ್ಯುನೊಅಸ್ಸೇ, ಅಂದರೆ ಪ್ರತಿಕಾಯಗಳ ನೆರವಿನಿಂದ ಹಾರ್ಮೋನನ್ನು ಅಳೆಯುವ ವಿಧಾನ. ಗಂಡಸಿನ ತಗ್ಗಿನ ಮಟ್ಟದಲ್ಲಿ ಅದು ಎಡವುತ್ತದೆ, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನ ಹೆಚ್ಚು ನಂಬಿಕೆಗೆ ಅರ್ಹ. ಎಕ್ಸೆಮೆಸ್ಟೇನ್ ನುಂಗುತ್ತಿರುವವರಲ್ಲಿ ಇಮ್ಯುನೊಅಸ್ಸೇ ಔಷಧವನ್ನೇ ಈಸ್ಟ್ರಾಡಿಯಾಲ್ ಎಂದು ಎಣಿಸಿ ತಪ್ಪು ಏರಿಕೆ ತೋರಿಸಬಹುದು. ಹಾಗೆಯೇ ನ್ಯಾಂಡ್ರೊಲೋನನ್ನು ಟೆಸ್ಟೊಸ್ಟೆರೋನ್ ಎಂದು ಎಣಿಸುವ ವಿಧಾನಗಳೂ ಇವೆ. ಕೂದಲಿಗೆಂದು ಹೆಚ್ಚಿನ ಪ್ರಮಾಣದ ಬಯೋಟಿನ್ ನುಂಗುವವರಲ್ಲಿ ಕೆಲವು ಯಂತ್ರಗಳು ಎರಡೂ ಹಾರ್ಮೋನುಗಳನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ. ಪರೀಕ್ಷೆಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಲ್ಯಾಬ್‌ನವರನ್ನು ಕೇಳಿ. ರಕ್ತ ಕೊಡಬೇಕಾದದ್ದು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಕೊನೆಯ ಇಂಜೆಕ್ಷನ್ ಯಾವತ್ತು ಆಗಿತ್ತೆಂದು ಚೀಟಿಯ ಮೇಲೆ ಬರೆಸಿ, ಅದಿಲ್ಲದೆ ಸಂಖ್ಯೆಗೆ ಅರ್ಥವೇ ಇರುವುದಿಲ್ಲ.

ಎರಡರ ನಡುವೆ ಇಂತಿಷ್ಟೇ ಅನುಪಾತ ಇರಬೇಕಂತೆ, ನಿಜವೇ?

ಬಂಜೆತನದ ಚಿಕಿತ್ಸೆಯಲ್ಲಿ ಕೆಲವು ವೈದ್ಯರು ಟೆಸ್ಟೊಸ್ಟೆರೋನ್ ಸಂಖ್ಯೆಯನ್ನು ಈಸ್ಟ್ರಾಡಿಯಾಲ್ ಸಂಖ್ಯೆಯಿಂದ ಭಾಗಿಸಿ, 10ಕ್ಕಿಂತ ಕಡಿಮೆ ಬಂದರೆ ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಆ ಲೆಕ್ಕ ಹೊರಗಿನಿಂದ ಹಾರ್ಮೋನ್ ತೆಗೆದುಕೊಳ್ಳದವರಿಗೆ ಸಂಬಂಧಿಸಿದ್ದು. ಸ್ಟೀರಾಯ್ಡ್ ಬಳಸುವವರಿಗೆ ಇಷ್ಟೇ ಅನುಪಾತ ಸುರಕ್ಷಿತ ಎಂದು ಸಾಬೀತಾದ ಸಂಖ್ಯೆ ಇಲ್ಲ.

ಎರಡೂ ಸಮತೋಲದಲ್ಲಿದ್ದರೆ ಬೇರೆ ಅಪಾಯಗಳೂ ತಪ್ಪುತ್ತವೆಯೇ?

ತಪ್ಪುವುದಿಲ್ಲ. ರಕ್ತದ ಕೆಂಪುಕಣಗಳ ಪಾಲು ಏರಿ ರಕ್ತ ಮಂದವಾಗುವುದು, ಒಳ್ಳೆಯ ಕೊಲೆಸ್ಟೆರಾಲ್ ಆದ ಎಚ್‌ಡಿಎಲ್ ಕುಸಿಯುವುದು, ರಕ್ತದೊತ್ತಡ ಏರುವುದು, ನುಂಗುವ ಸ್ಟೀರಾಯ್ಡ್‌ಗಳಿಂದ ಯಕೃತ್ತಿಗೆ ಪೆಟ್ಟು ಬೀಳುವುದು ಈಸ್ಟ್ರಾಡಿಯಾಲ್ ಸಂಖ್ಯೆ ಸರಿಯಿದ್ದರೂ ನಡೆಯುತ್ತವೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 140 ಭಾರ ಎತ್ತುವ ಗಂಡಸರ ಹೃದಯವನ್ನು ಪರೀಕ್ಷಿಸಿದಾಗ, ದೀರ್ಘಕಾಲ ಸ್ಟೀರಾಯ್ಡ್ ಬಳಸಿದ 86 ಜನರ ಗುಂಪಿನಲ್ಲಿ, ಬಳಸದವರಿಗೆ ಹೋಲಿಸಿದರೆ, ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಿತ್ತು, ಹೃದಯದ ರಕ್ತನಾಳಗಳಲ್ಲಿ ಕೊಬ್ಬಿನ ಪದರವೂ ಹೆಚ್ಚಿತ್ತು. ಮೈ ಹುರಿಗಟ್ಟಿ ಕಾಣುವುದಕ್ಕೂ ಹೃದಯದ ಸ್ಥಿತಿಗೂ ಸಂಬಂಧವಿಲ್ಲ.

ಡಾಕ್ಟರೇ ಟೆಸ್ಟೊಸ್ಟೆರೋನ್ ಕೊಡುತ್ತಾರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ವೃಷಣ ಅಥವಾ ಪಿಟ್ಯುಟರಿಯ ತೊಂದರೆಯಿಂದ ಟೆಸ್ಟೊಸ್ಟೆರೋನ್ ನಿಜವಾಗಿಯೂ ಕಡಿಮೆಯಿದ್ದವರಿಗೆ, ಬೆಳಗಿನ ಪರೀಕ್ಷೆಯಲ್ಲಿ ಕನಿಷ್ಠ ಎರಡು ಸಲ ಅದು ಖಚಿತವಾದ ಮೇಲೆ, ಸಹಜ ಮಟ್ಟಕ್ಕೆ ತರುವಷ್ಟನ್ನೇ ಕೊಡುತ್ತಾರೆ. ಕೆಂಪುಕಣಗಳ ಪಾಲು 54 ಶೇಕಡಾ ಮೀರಿದರೆ ನಿಲ್ಲಿಸುತ್ತಾರೆ ಅಥವಾ ಪ್ರಮಾಣ ಇಳಿಸುತ್ತಾರೆ. 2023ರಲ್ಲಿ ಪ್ರಕಟವಾದ, 5,000ಕ್ಕೂ ಹೆಚ್ಚು ಗಂಡಸರ ದೊಡ್ಡ ಅಧ್ಯಯನದಲ್ಲಿ ಇಂಥ ಚಿಕಿತ್ಸೆಯಿಂದ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲವಾದರೂ ಹೃದಯ ಬಡಿತದ ಏರುಪೇರು ಮತ್ತು ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಪ್ರಕರಣಗಳು ಸ್ವಲ್ಪ ಹೆಚ್ಚು ಕಂಡವು. ಅಳೆದು ಕೊಟ್ಟ ಜೆಲ್‌ನಲ್ಲೇ ಇಷ್ಟು ಎಚ್ಚರ ಬೇಕಿರುವಾಗ, ಅದರ ಹಲವು ಪಟ್ಟನ್ನು ಗುರುತಿಲ್ಲದ ಸೀಸೆಯಿಂದ ಚುಚ್ಚಿಕೊಳ್ಳುವುದಕ್ಕೆ ಆ ಅಧ್ಯಯನವನ್ನು ಸಾಕ್ಷಿಯಾಗಿ ತೋರಿಸುವುದು ಸರಿಯಲ್ಲ.

ಕೋರ್ಸ್ ಮುಗಿದ ಮೇಲೆ ಪಿಸಿಟಿ (ದೇಹದ ಸ್ವಂತ ಹಾರ್ಮೋನ್ ಮತ್ತೆ ಶುರುವಾಗಲೆಂದು ಔಷಧ ತೆಗೆದುಕೊಳ್ಳುವುದು) ಮಾಡಿದರೆ ಎಲ್ಲ ಮೊದಲಿನಂತಾಗುತ್ತದೆಯೇ?

ಸ್ಟೀರಾಯ್ಡ್ ನಿಲ್ಲಿಸಿದಾಗ ಹೊರಗಿನ ಪೂರೈಕೆ ಮುಗಿದಿರುತ್ತದೆ, ಒಳಗಿನ ತಯಾರಿಕೆ ಇನ್ನೂ ಶುರುವಾಗಿರುವುದಿಲ್ಲ. ಆ ನಡುವಿನ ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ, ಶಕ್ತಿ ಉಡುಗುತ್ತದೆ, ನಿದ್ರೆ ಕೆಡುತ್ತದೆ, ಲೈಂಗಿಕ ಆಸಕ್ತಿ ಇಲ್ಲವಾಗುತ್ತದೆ, ಖಿನ್ನತೆ ಆವರಿಸುತ್ತದೆ. ಆ ಅವಸ್ಥೆಯನ್ನು ತಾಳಲಾರದೆ ಮತ್ತೆ ಸೂಜಿ ಹಿಡಿಯುವವರೇ ಹೆಚ್ಚು.

ಪಿಸಿಟಿ ಎಂದು ಬಳಸುವ ಕ್ಲೊಮಿಫೀನ್, ಟ್ಯಾಮಾಕ್ಸಿಫೆನ್‌ಗಳು ಮೆದುಳಿನಲ್ಲಿ ಈಸ್ಟ್ರೋಜನ್ನಿನ ಸಂದೇಶವನ್ನು ತಡೆದು ಎಲ್‌ಎಚ್ ಹೊರಡುವಂತೆ ಮಾಡುತ್ತವೆ. ಎಚ್‌ಸಿಜಿ ಇಂಜೆಕ್ಷನ್ ಎಲ್‌ಎಚ್‌ನ ಕೆಲಸವನ್ನು ನೇರವಾಗಿ ವೃಷಣದ ಮೇಲೆ ಮಾಡುತ್ತದೆ. ತರ್ಕ ಸರಿಯಾಗಿಯೇ ಇದೆ. ಆದರೆ ಸ್ಟೀರಾಯ್ಡ್ ಬಳಸಿದವರಲ್ಲಿ ಇವು ಚೇತರಿಕೆಯನ್ನು ಎಷ್ಟು ಬೇಗ ತರುತ್ತವೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಕಡಿಮೆ. ಕ್ಲೊಮಿಫೀನ್‌ನಿಂದ ಕಣ್ಣು ಮಂಜಾದರೆ, ಬೆಳಕಿನ ಚುಕ್ಕಿಗಳು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಬಳಕೆ ಎಷ್ಟು ದೀರ್ಘವೋ, ವಯಸ್ಸು ಎಷ್ಟು ಹೆಚ್ಚೋ ಚೇತರಿಕೆ ಅಷ್ಟು ನಿಧಾನ. ಹೆಚ್ಚಿನವರಲ್ಲಿ ಒಂದು ವರ್ಷದೊಳಗೆ ಮಟ್ಟಗಳು ಮರಳುತ್ತವೆ, ಎಲ್ಲರಲ್ಲೂ ಅಲ್ಲ.

ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯೇ?

ಟೆಸ್ಟೊಸ್ಟೆರೋನ್ ಹೆಚ್ಚಿದ್ದರೆ ವೀರ್ಯಾಣು ಹೆಚ್ಚು ಎಂಬ ನಂಬಿಕೆ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೊಸ್ಟೆರೋನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಲಾಯಿತು, ಭಾಗವಹಿಸಿದವರಲ್ಲಿ ಹೆಚ್ಚಿನವರ ವೀರ್ಯಾಣು ಸಂಖ್ಯೆ ಸೊನ್ನೆಗೆ ಇಳಿಯಿತು. ಹಾಗೆಂದು ಅದನ್ನು ಗರ್ಭನಿರೋಧಕವೆಂದು ನಂಬಿಕೊಳ್ಳುವಂತೆಯೂ ಇಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕಾಗುವುದರಿಂದ ಟೆಸ್ಟೊಸ್ಟೆರೋನ್ ಮರಳಿದ ಮೇಲೂ ಕಾಯಬೇಕಾಗುತ್ತದೆ. ಮದುವೆಯಾಗಿ ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಹೆಂಡತಿಯನ್ನು ಮಾತ್ರ ಪರೀಕ್ಷೆಗೆ ಕಳಿಸುವ ಮನೆಗಳಲ್ಲಿ ಗಂಡ ತನ್ನ ಹಳೆಯ ಕೋರ್ಸ್‌ನ ವಿಷಯವನ್ನು ಬಾಯಿಬಿಟ್ಟು ಹೇಳಬೇಕು.

ಮಹಿಳೆಯರಿಗೆ?

ಧ್ವನಿ ಗಡಸಾಗುವುದು, ಮುಖದ ಮೇಲೆ ಕೂದಲು, ಮುಟ್ಟು ನಿಲ್ಲುವುದು, ಚಂದ್ರನಾಡಿ ದೊಡ್ಡದಾಗುವುದು ಮುಖ್ಯ ಪರಿಣಾಮಗಳು. ಗಡಸಾದ ಧ್ವನಿ ಔಷಧ ಬಿಟ್ಟ ಮೇಲೂ ಮೊದಲಿನಂತಾಗದೆ ಉಳಿಯಬಹುದು. ಮೇಲಿಂದ ಈಸ್ಟ್ರೋಜನ್ ಸೇರಿಸಿ ಇದನ್ನು ಸರಿದೂಗಿಸಲಾಗದು.

18 ತುಂಬದ ಹುಡುಗರು ಬಳಸಿದರೆ?

ಮೂಳೆ ತುದಿಗಳನ್ನು ಮುಚ್ಚಿಸುವುದು ಈಸ್ಟ್ರೋಜನ್ ಎಂದು ಮೇಲೆ ಹೇಳಿದೆವು. ಟೆಸ್ಟೊಸ್ಟೆರೋನ್ ಈಸ್ಟ್ರೋಜನ್ ಆಗಿಯೇ ಪರಿವರ್ತನೆಯಾಗುವುದರಿಂದ ಎತ್ತರ ಅಕಾಲದಲ್ಲಿ ನಿಂತುಹೋಗುತ್ತದೆ, ಅದನ್ನು ಹಿಂದಿರುಗಿಸುವ ಚಿಕಿತ್ಸೆಯಿಲ್ಲ.

ಸೋಯಾ ಬಿಟ್ಟರೆ, ‘ಈಸ್ಟ್ರೋಜನ್ ಬ್ಲಾಕರ್’ ಪುಡಿ ಕುಡಿದರೆ ಸಮತೋಲ ಬರುತ್ತದೆಯೇ?

ಸಾಧಾರಣ ಪ್ರಮಾಣದ ಸೋಯಾ ಗಂಡಸರ ಟೆಸ್ಟೊಸ್ಟೆರೋನನ್ನಾಗಲಿ ಈಸ್ಟ್ರೋಜನ್ನನ್ನಾಗಲಿ ಬದಲಿಸುವುದಿಲ್ಲ. ನೂರಾರು ಮಿಲಿಗ್ರಾಂ ಟೆಸ್ಟೊಸ್ಟೆರೋನ್ ಹೊರಗಿನಿಂದ ಬರುತ್ತಿರುವಾಗ ತಟ್ಟೆಯಲ್ಲಿರುವ ಸೋಯಾ ಬಗ್ಗೆ ಚಿಂತಿಸುವುದು ವಿಚಿತ್ರ. ಪುಡಿಗಳ ವಿಷಯ ಬೇರೆ: ಡಬ್ಬದ ಮೇಲೆ ಬರೆಯದ ಪದಾರ್ಥ ಒಳಗಿರಬಹುದು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ಚಿನ್ನ ಗೆದ್ದ ತಂಡದ ಮೂವರು ಓಟಗಾರ್ತಿಯರು, ಅವರಲ್ಲಿ ಕರ್ನಾಟಕದವರೊಬ್ಬರೂ ಸೇರಿದಂತೆ, 2011ರಲ್ಲಿ ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ತಾವು ಸೇವಿಸಿದ ಜಿನ್‌ಸೆಂಗ್ ಪೂರಕದಲ್ಲಿ ಸ್ಟೀರಾಯ್ಡ್ ಬೆರೆತಿತ್ತೆಂದು ವಾದಿಸಿದ್ದರು. ಆದರೂ ಎರಡು ವರ್ಷಗಳ ನಿಷೇಧ ತಪ್ಪಲಿಲ್ಲ.

ನಾನು ಸ್ಪರ್ಧೆಗಳಲ್ಲಿ ಭಾಗವಹಿಸುತ್ತೇನೆ. ಈಸ್ಟ್ರೋಜನ್ ತಗ್ಗಿಸುವ ಮಾತ್ರೆಯೂ ನಿಷಿದ್ಧವೇ?

ಹೌದು. ಅನಬಾಲಿಕ್ ಸ್ಟೀರಾಯ್ಡ್‌ಗಳಷ್ಟೇ ಅಲ್ಲ, ಅರೊಮಟೇಸ್ ತಡೆಯುವ ಮಾತ್ರೆಗಳು, ಟ್ಯಾಮಾಕ್ಸಿಫೆನ್, ಕ್ಲೊಮಿಫೀನ್ ಮತ್ತು ಗಂಡಸರಿಗೆ ಎಚ್‌ಸಿಜಿ, ಇವೆಲ್ಲವೂ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿವೆ. ಭಾರತದಲ್ಲಿ 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯಡಿ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷೆ ನಡೆಸುತ್ತದೆ. ನ್ಯಾಂಡ್ರೊಲೋನಿನ ಗುರುತು ಮೂತ್ರದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಯಾವ ವೈದ್ಯರನ್ನು ನೋಡಬೇಕು, ಏನು ಹೇಳಬೇಕು?

ಎಂಡೊಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರನ್ನು. ಮಕ್ಕಳ ಚಿಂತೆ ಮುಖ್ಯವಾದರೆ ಆಂಡ್ರಾಲಜಿ (ಗಂಡಸರ ಸಂತಾನ ಸಂಬಂಧಿ ವೈದ್ಯಶಾಸ್ತ್ರ) ತಿಳಿದ ಯುರಾಲಜಿಸ್ಟ್‌ರನ್ನು. ಏನು, ಎಷ್ಟು ದಿನ, ಕೊನೆಯದಾಗಿ ಯಾವಾಗ ತೆಗೆದುಕೊಂಡಿರಿ ಎಂಬುದನ್ನು ಬರೆದುಕೊಂಡು ಹೋಗಿ, ಸೀಸೆ ಅಥವಾ ಮಾತ್ರೆಯ ಸ್ಟ್ರಿಪ್ಪಿನ ಫೋಟೊ ಇದ್ದರೆ ತೋರಿಸಿ. ಒಂದೇ ಸೀಸೆಯನ್ನೋ ಸೂಜಿಯನ್ನೋ ಹಂಚಿಕೊಂಡಿದ್ದರೆ ಅದನ್ನೂ ಮುಚ್ಚಿಡಬೇಡಿ. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ, ಸಿ ಪರೀಕ್ಷೆ ಅಗತ್ಯವಾಗುತ್ತದೆ. ಹಾರ್ಮೋನುಗಳ ಜೊತೆಗೆ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ರಕ್ತಕಣಗಳ ಎಣಿಕೆ, ಕೊಲೆಸ್ಟೆರಾಲ್, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ರಕ್ತದೊತ್ತಡ, ಇಸಿಜಿ ಇವು ಮೊದಲ ಭೇಟಿಯಲ್ಲಿ ಸಾಮಾನ್ಯ. ವೈದ್ಯರು ಬೈಯುತ್ತಾರೆಂದು ಅರ್ಧ ಮಾತ್ರ ಹೇಳಿದರೆ ಚಿಕಿತ್ಸೆಯೂ ಅರ್ಧವೇ ಆಗುತ್ತದೆ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು ಯಾವುವು?

ಎದೆಯಲ್ಲಿ ಒತ್ತಿದಂತಾಗುವುದು, ಏಕಾಏಕಿ ಉಸಿರು ಕಟ್ಟುವುದು, ಒಂದೇ ಕಾಲು ಊದಿ ನೋಯುವುದು, ಮಾತು ತೊದಲುವುದು ಅಥವಾ ಒಂದು ಬದಿ ಸೋಲುವುದು, ಕಣ್ಣು ಹಳದಿಯಾಗುವುದು, ಚುಚ್ಚಿದ ಜಾಗ ಕೆಂಪಾಗಿ ಬಿಸಿಯೇರಿ ಜ್ವರ ಬರುವುದು. ಇಂಥ ಸಮಯದಲ್ಲಿ 108ಕ್ಕೆ ಕರೆ ಮಾಡಿ. ಸ್ಟೀರಾಯ್ಡ್ ಬಿಟ್ಟ ವಾರಗಳಲ್ಲಿ ಸಾಯುವ ಆಲೋಚನೆ ಬಂದರೆ ಅದೂ ತುರ್ತು ಸ್ಥಿತಿಯೇ: ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.